ಸೀಸದ ಕಾರ್ಬೊನೇಟ್ ಖನಿಜಗಳ ಮಾದರಿ ಪೆಟ್ಟಿಗೆ: ಲೆಡ್‌ಹಿಲೈಟ್‌ಗಾಗಿ ಕೊಳ್ಳಬಹುದು, ಚೀಟಿಯನ್ನು ಮಾತ್ರ ನಾವೇ ಬರೆದುಕೊಳ್ಳಬೇಕು

ಭೂವಿಜ್ಞಾನ ಕಲಿಸುವ ಪದವಿ ಕಾಲೇಜುಗಳನ್ನು ಉದ್ದೇಶಿಸಿ ಬೆಂಗಳೂರಿನ ಖನಿಜ ವ್ಯಾಪಾರಿಯೊಬ್ಬರು ಸೀಸದ ಕಾರ್ಬೊನೇಟ್ ಖನಿಜಗಳ ಮಾದರಿ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿ ಮಾರುತ್ತಿದ್ದಾರೆ. ಕೋಲಾರದ ನಮ್ಮ ಪ್ರಯೋಗಾಲಯಕ್ಕೆ ಈ ವರ್ಷ ಅದನ್ನು ತರಿಸಿಕೊಂಡೆವು. ಬೆಲೆ 14,500 ರೂಪಾಯಿ. ಪೆಟ್ಟಿಗೆಯಲ್ಲಿ ಸೆರುಸೈಟ್, ಫಾಸ್ಜೆನೈಟ್, ಹೈಡ್ರೊಸೆರುಸೈಟ್ ಮತ್ತು ಲೆಡ್‌ಹಿಲೈಟ್ ಎಂಬ ನಾಲ್ಕು ಖನಿಜಗಳ ಒಂದೊಂದು ಮಾದರಿ, ಪ್ರತಿಯೊಂದಕ್ಕೂ ಅಚ್ಚು ಮಾಡಿದ ಒಂದು ಚೀಟಿ, ಒಂದು ಪುಟ್ಟ ಕೈಪಿಡಿ ಇವೆ. ಇವುಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಸಿಗುವ ಖನಿಜ. ಕೊನೆಯದು ನಿಜವಾಗಿಯೂ ಅಪರೂಪದ್ದು. ಪೆಟ್ಟಿಗೆಗೆ ಕೊಟ್ಟ ಹಣದ ಬಹುಪಾಲು ಆ ಒಂದೇ ಮಾದರಿಗೆ ಸಲ್ಲುತ್ತದೆಯಾದ್ದರಿಂದ ಈ ವಿಮರ್ಶೆಯ ಬಹುಪಾಲೂ ಅದಕ್ಕೇ ಮೀಸಲಾಗಿದೆ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಅದಿರು ಎಂಬ ಮಾತು ಹೊಸದಲ್ಲ. ಕೆಜಿಎಫ್‌ನ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೂ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ ಕಡೆಯಿಂದ ಬರುವ ಮಕ್ಕಳ ಮನೆಗಳಲ್ಲಿ ಅಜ್ಜನೋ ದೊಡ್ಡಪ್ಪನೋ ಗಣಿಯಿಂದ ತಂದಿಟ್ಟ ಬಿಳಿಗಲ್ಲಿನ ತುಂಡು ಇನ್ನೂ ಇರುತ್ತದೆ. ಆ ಚಿನ್ನದ ಬಿಳಿಗಲ್ಲಿನ ಜೊತೆಗೆ ಅಲ್ಪ ಪ್ರಮಾಣದಲ್ಲಿ ಗೆಲೀನಾ, ಅಂದರೆ ಸೀಸದ ಸಲ್ಫೈಡ್, ಇರುವುದೂ ಅವರಿಗೆ ಪಾಠದಲ್ಲಿ ಬರುತ್ತದೆ. ಆದರೆ ಗೆಲೀನಾ ನೆಲದ ಮೇಲ್ಪದರದಲ್ಲಿ ಗಾಳಿ ಮತ್ತು ಮಳೆನೀರಿಗೆ ಸಿಕ್ಕಾಗ ಏನಾಗುತ್ತದೆ ಎಂಬುದನ್ನು ತೋರಿಸುವ ಮಾದರಿಗಳು ನಮ್ಮಲ್ಲಿ ಇರಲಿಲ್ಲ. ರಾಜಸ್ಥಾನದ ಝಾವರ್‌ನಿಂದ ಬಹಳ ಹಿಂದೆ ಬಂದ ಗೆಲೀನಾದ ಒಂದು ಗಟ್ಟಿ ಮಾತ್ರ ಕಪಾಟಿನಲ್ಲಿತ್ತು. ಗೆಲೀನಾ ಮೊದಲು ಆಂಗ್ಲಿಸೈಟ್ ಎಂಬ ಸೀಸದ ಸಲ್ಫೇಟ್ ಆಗುತ್ತದೆ. ಅಂಗಾರಾಮ್ಲ ಕರಗಿದ ನೀರು ಮುಂದುವರಿದು ಹರಿದಲ್ಲಿ ಅದೇ ಸೀಸ ಕಾರ್ಬೊನೇಟ್ ರೂಪಕ್ಕೆ ತಿರುಗಿ ಸೆರುಸೈಟ್ ಆಗುತ್ತದೆ. ಈ ಎರಡು ಹಂತಗಳ ನಡುವೆ, ಸಲ್ಫೇಟ್ ಇನ್ನೂ ಪೂರ್ತಿ ತೊಲಗದೆ ಕಾರ್ಬೊನೇಟ್ ಆಗಲೇ ಬಂದು ಸೇರಿದ ಇಕ್ಕಟ್ಟಾದ ರಾಸಾಯನಿಕ ಸ್ಥಿತಿಯಲ್ಲಿ ಹುಟ್ಟುವುದು ಲೆಡ್‌ಹಿಲೈಟ್. ಅಂಥ ಸ್ಥಿತಿ ಹೆಚ್ಚು ಕಡೆ ಒದಗುವುದಿಲ್ಲ, ಒದಗಿದಲ್ಲೂ ಬಹುಕಾಲ ನಿಲ್ಲುವುದಿಲ್ಲ. ಈ ಖನಿಜ ಅಪರೂಪವಾಗಿರುವುದಕ್ಕೆ ಕಾರಣವೂ ಅದೇ.

ಮಾದರಿಗಳನ್ನು ಬಲು ಜೋಪಾನವಾಗಿ ಕಟ್ಟಿ ಕಳುಹಿಸಿದ್ದಾರೆ. ಪ್ರತಿ ಹರಳಿಗೂ ಪ್ರತ್ಯೇಕ ಡಬ್ಬಿಯಿದ್ದು, ಒಳಗೆ ಹತ್ತಿಯ ಬದಲು ಸ್ಪಂಜನ್ನು ಹರಳಿನ ಆಕಾರಕ್ಕೆ ಕತ್ತರಿಸಿ ಕೂರಿಸಲಾಗಿದೆ. ಸೀಸದ ಕಾರ್ಬೊನೇಟ್‌ಗಳೆಲ್ಲ ಮೆದುವಾದವು ಮತ್ತು ಬೇಗ ಒಡೆಯುವಂಥವು. ಹತ್ತಿಯ ಎಳೆಗಳು ಹರಳಿನ ಸಂದುಗಳಲ್ಲಿ ಸಿಕ್ಕಿಕೊಂಡರೆ ಬಿಡಿಸುವಾಗ ತುದಿಗಳು ಮುರಿಯುತ್ತವೆ. ಇದನ್ನು ತಿಳಿದವರೇ ಕಟ್ಟಿದ್ದಾರೆಂಬುದು ಡಬ್ಬಿ ತೆರೆದಾಗಲೇ ಗೊತ್ತಾಗುತ್ತದೆ.

ಸೆರುಸೈಟ್ ಮಾದರಿ ನಮೀಬಿಯಾದ ತ್ಸುಮೆಬ್ ಗಣಿಯದು. 1996ರಲ್ಲಿ ಮುಚ್ಚಿದ ಆ ಗಣಿ ಸೀಸದ ಆಕ್ಸಿಡೀಕೃತ ಖನಿಜಗಳಿಗೆ ಜಗತ್ಪ್ರಸಿದ್ಧ. ನಮಗೆ ಬಂದದ್ದು ಎರಡು ಹರಳುಗಳು ಕೋನವಾಗಿ ಕೂಡಿ ಬೆಳೆದ ಜೋಡಿಹರಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಬಣ್ಣವಿಲ್ಲ, ಆದರೆ ಬೆಳಕಿಗೆ ಹಿಡಿದರೆ ವಜ್ರದಂಥ ಹೊಳಪು. ಇದರ ದ್ವಿವಕ್ರೀಭವನ, ಅಂದರೆ ಒಳಹೊಕ್ಕ ಬೆಳಕನ್ನು ಎರಡಾಗಿ ಒಡೆಯುವ ಗುಣದ ಅಳತೆ, 0.274ರಷ್ಟಿದ್ದು, ನಾವು ತರಗತಿಯಲ್ಲಿ ಉದಾಹರಣೆಯಾಗಿ ತೋರಿಸುವ ಕ್ಯಾಲ್ಸೈಟ್‌ನ 0.172ಕ್ಕಿಂತಲೂ ಹೆಚ್ಚು. ಅರಗೊನೈಟ್ ಗುಂಪಿಗೆ ಸೇರಿದ, ಆರ್ಥೊರಾಂಬಿಕ್ ಎಂಬ ಹರಳು ವ್ಯವಸ್ಥೆಯ (ಹರಳಿನ ಒಳರಚನೆಯ ಸಮ್ಮಿತಿಯನ್ನು ನೋಡಿ ಮಾಡುವ ವಿಂಗಡಣೆ) ಖನಿಜವಾದ್ದರಿಂದ ಹೀಗೆ ಜೋಡಿಯಾಗಿ, ಕೆಲವೊಮ್ಮೆ ಆರು ಕಿರಣಗಳ ನಕ್ಷತ್ರದಂತೆ ಬೆಳೆಯುವುದು ಇದರ ಸ್ವಭಾವ. ಈ ಮಾದರಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಫಾಸ್ಜೆನೈಟ್ ಸಾರ್ಡೀನಿಯಾದ ಮೊಂಟೆಪೋನಿಯದು ಎಂದು ಚೀಟಿ ಹೇಳುತ್ತದೆ. ಇದು ಸೀಸದ ಕಾರ್ಬೊನೇಟ್ ಕ್ಲೋರೈಡ್, ಟೆಟ್ರಾಗೊನಲ್ ವ್ಯವಸ್ಥೆಯದು. ಹಳದಿ ಛಾಯೆಯ ಗಿಡ್ಡ ಕಂಬದಾಕಾರದ ಹರಳು ಚೆನ್ನಾಗಿದೆ. ವಿಶಿಷ್ಟ ಗುರುತ್ವ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, ಸುಮಾರು 6.1 ಇರುವುದರಿಂದ ಉಳಿದವುಗಳಿಂದ ಇದನ್ನು ತಕ್ಕಡಿಯಲ್ಲೇ ಬೇರ್ಪಡಿಸಬಹುದು. ಸಂದೇಹವಿದ್ದರೆ ಒಂದು ಚೂರನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಕ್ಲೋರೈಡ್ ಬಿಳಿಯಾಗಿ ಇಳಿಯುತ್ತದೆ. ಹೈಡ್ರೊಸೆರುಸೈಟ್ ಮಾತ್ರ ನಿರಾಸೆ ತಂದಿತು. ಕಂದು ಕಲ್ಲಿನ ಮೇಲೆ ಉಗುರಿನಲ್ಲಿ ಕೆರೆದರೆ ಉದುರುವ ತೆಳ್ಳನೆಯ ಬಿಳಿ ಪೊರೆ, ಚೀಟಿಯಲ್ಲಿ ಊರಿನ ಹೆಸರಿಲ್ಲ, ಗಣಿಯ ಹೆಸರಿಲ್ಲ. ಇಂಥ ಪೊರೆ ಸೆರುಸೈಟ್ ಆಗಿದ್ದರೂ ಕಣ್ಣಿಗೆ ಹೀಗೇ ಕಾಣುತ್ತದೆ. ಕ್ಷಕಿರಣ ಪರೀಕ್ಷೆಯ ಫಲಿತಾಂಶ ಜೊತೆಗಿಲ್ಲದೆ ಇದನ್ನು ಹೈಡ್ರೊಸೆರುಸೈಟ್ ಎಂದು ಕರೆದು ಮಾರುವುದು ಸರಿಯಲ್ಲ.

ಇನ್ನು ಲೆಡ್‌ಹಿಲೈಟ್. ಚೀಟಿಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೈಗರ್ ಎಂಬಲ್ಲಿನ ಮ್ಯಾಮತ್-ಸೇಂಟ್ ಆಂಟನಿ ಗಣಿಯ ಹೆಸರಿದೆ. ಈ ಖನಿಜಕ್ಕೆ ಹೆಸರಾದ ಗಣಿಗಳಲ್ಲಿ ಅದೂ ಒಂದು, ಹಾಗಾಗಿ ಮೂಲದ ಮಾಹಿತಿ ನಂಬುವಂತಿದೆ. ಕಂದು ತಾಯಿಬಂಡೆಯ ಮೇಲೆ ಕಿರುಬೆರಳಿನ ಉಗುರಿನಗಲದ ಒಂದು ಫಲಕ, ಅದರ ಪಕ್ಕದಲ್ಲಿ ಇನ್ನೂ ಚಿಕ್ಕವು ಕೆಲವು, ಜೊತೆಗೆ ಡಬ್ಬಿಯ ಮೂಲೆಯಲ್ಲಿ ಬೇರೆಯಾಗಿ ಇಟ್ಟ ಒಂದು ಬಿಡಿ ತುಂಡು. ಪರೀಕ್ಷೆಗೆ ಬಳಸಿಕೊಳ್ಳಿ ಎಂದು ಆ ಬಿಡಿ ತುಂಡನ್ನು ಕೊಟ್ಟಿರುವುದು ಈ ಪೆಟ್ಟಿಗೆಯ ಅತ್ಯಂತ ವಿವೇಕದ ಏರ್ಪಾಡು. ಹತ್ತುಪಟ್ಟು ಮಸೂರದಲ್ಲಿ ನೋಡಿದಾಗ ದೊಡ್ಡ ಫಲಕದ ಅಂಚು ಆರು ಬದಿಗಳದ್ದಾಗಿ ಕಾಣುತ್ತದೆ. ನಸು ನೀಲಿ ಬೆರೆತ ಬಿಳಿ ಬಣ್ಣ. ಪಕ್ಕದಿಂದ ನೋಡಿದರೆ ವಜ್ರದ ಹೊಳಪಿಗೆ ಹತ್ತಿರವಾದ ಮಿಂಚು, ಆದರೆ ಫಲಕದ ಅಗಲವಾದ ಮುಖವನ್ನು ಕಿಟಕಿಯ ಕಡೆಗೆ ಓರೆಯಾಗಿಸಿದ ಕೂಡಲೇ ಮುತ್ತಿನ ಚಿಪ್ಪಿನ ಒಳಮೈಯಂಥ ಮೃದುವಾದ ಕಾಂತಿ. ಬಿಡಿ ತುಂಡಿನ ಅಂಚಿಗೆ ಗುಂಡುಪಿನ್ನಿನ ತುದಿ ತಾಗಿಸಿ ಸ್ವಲ್ಪ ಒತ್ತಿದರೆ ಅಗಲ ಮುಖಕ್ಕೆ ಸಮಾನಾಂತರವಾಗಿ ತೆಳುವಾದ ಹಾಳೆಯೊಂದು ಎದ್ದು ಬರುತ್ತದೆ. ಒಂದೇ ದಿಕ್ಕಿನಲ್ಲಿ ಇಷ್ಟು ಪರಿಪೂರ್ಣವಾದ ಸೀಳು, ಆ ಸೀಳಿನ ಮೇಲೆ ಮುತ್ತಿನ ಹೊಳಪು: ಲೆಡ್‌ಹಿಲೈಟ್ ಅನ್ನು ಕೈಯಲ್ಲಿ ಹಿಡಿದು ಗುರುತಿಸಲು ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ತೂಕಕ್ಕೆ ಹೋಗುತ್ತಾರೆ. ಬಿಡಿ ತುಂಡು ಗಾಳಿಯಲ್ಲಿ 2.62 ಗ್ರಾಂ, ದಾರದಲ್ಲಿ ಕಟ್ಟಿ ನೀರಿನಲ್ಲಿ ತೂಗಿದಾಗ 2.22 ಗ್ರಾಂ ಬಂತು. ಎರಡರ ವ್ಯತ್ಯಾಸ 0.40 ಆದ್ದರಿಂದ ವಿಶಿಷ್ಟ ಗುರುತ್ವ 6.55. ಲೆಡ್‌ಹಿಲೈಟ್‌ಗೆ ಪಠ್ಯಗಳು ಕೊಡುವ ಅಂಕಿಯೂ ಅದೇ. ಇದರಿಂದ ಗುರುತು ಖಚಿತವಾಯಿತೆಂದು ತರಗತಿ ಸಂತೋಷಪಟ್ಟರೂ ಅದು ಆತುರದ ತೀರ್ಮಾನ, ಏಕೆಂದರೆ ಸೆರುಸೈಟ್‌ನ ವಿಶಿಷ್ಟ ಗುರುತ್ವವೂ ಸರಿಸುಮಾರು 6.55. ರಾಸಾಯನಿಕವಾಗಿಯೂ ಇವುಗಳಲ್ಲಿ ಸೀಸದ ಪಾಲು ಬಹಳ ಹತ್ತಿರ: ಸೆರುಸೈಟ್‌ನಲ್ಲಿ ತೂಕದ ಶೇಕಡ 77.5, ಲೆಡ್‌ಹಿಲೈಟ್‌ನಲ್ಲಿ ಶೇಕಡ 76.8. ಅತಿನೇರಳೆ ದೀಪದಡಿ ಎರಡೂ ಹಳದಿಯಾಗಿ ಬೆಳಗಬಲ್ಲವು. ಗಡಸುತನದಲ್ಲಿ ಸ್ವಲ್ಪ ಭೇದವಿದೆ. ಮೋಸ್ ಮಾನದಲ್ಲಿ ಲೆಡ್‌ಹಿಲೈಟ್ 2.5, ಸೆರುಸೈಟ್ 3ರಿಂದ 3.5. ಆದರೆ ಇಷ್ಟು ಚಿಕ್ಕ ಹರಳಿನ ಮೇಲೆ ಗೀರಿ ನೋಡಿ ಅರ್ಧ ಅಂಕದ ಅಂತರ ಹೇಳುವುದು ನುರಿತವರಿಗೂ ಕಷ್ಟ, ಹರಳೂ ಹಾಳಾಗುತ್ತದೆ.

ಆದ್ದರಿಂದ ಸೀಳಿನ ನಂತರ ನಾನು ನೆಚ್ಚುವುದು ಆಮ್ಲದ ಪರೀಕ್ಷೆಯನ್ನು. ಸಾಸಿವೆಗಿಂತ ಚಿಕ್ಕ ಚೂರೊಂದನ್ನು ಗಡಿಯಾರ ಗಾಜಿನಲ್ಲಿಟ್ಟು ಬೆಚ್ಚಗಿನ ದುರ್ಬಲ ನೈಟ್ರಿಕ್ ಆಮ್ಲ ಹಾಕಿದರೆ ಎರಡೂ ಗುಳ್ಳೆ ಬಿಡುತ್ತವೆ. ಸೆರುಸೈಟ್ ಪೂರ್ತಿ ಕರಗಿ ದ್ರಾವಣ ತಿಳಿಯಾಗುತ್ತದೆ. ಲೆಡ್‌ಹಿಲೈಟ್ ಗುಳ್ಳೆ ನಿಂತ ಮೇಲೂ ಬಿಳಿ ಪುಡಿಯನ್ನು ಉಳಿಸುತ್ತದೆ. ಆ ಪುಡಿ ಸೀಸದ ಸಲ್ಫೇಟ್. ನಮ್ಮ ತುಂಡು ಬಿಳಿ ಪುಡಿಯನ್ನು ಸ್ಪಷ್ಟವಾಗಿ ಉಳಿಸಿತು. ಮುತ್ತಿನ ಹೊಳಪಿನ ಒಳ್ಳೆಯ ಸೀಳು ಹೈಡ್ರೊಸೆರುಸೈಟ್‌ಗೂ ಇರುವುದರಿಂದ, ಸಲ್ಫೇಟ್ ಉಳಿಯುತ್ತದೆಯೋ ಇಲ್ಲವೋ ಎಂಬ ಈ ಪರೀಕ್ಷೆ ಅದನ್ನೂ ದೂರವಿಡುತ್ತದೆ. ನೈಟ್ರಿಕ್ ಆಮ್ಲ ಅಕ್ಕಸಾಲಿಗರ ಕೆಲಸದಲ್ಲಿ ನಿತ್ಯ ಬಳಕೆಯ ವಸ್ತುವಾದ್ದರಿಂದ ಅದನ್ನು ದೂರದಿಂದ ತರಿಸಬೇಕಾಗಿಲ್ಲ. ಪ್ರಯೋಗಾಲಯದಲ್ಲಿ ಕೈಗೆಟುಕುವಂತಿರುವ ಹೈಡ್ರೊಕ್ಲೋರಿಕ್ ಆಮ್ಲವನ್ನು ಮಾತ್ರ ಇಲ್ಲಿ ಬಳಸಬಾರದು. ಸೀಸದ ಕ್ಲೋರೈಡ್ ಹರಳಿನ ಮೇಲೆ ಪೊರೆಗಟ್ಟಿ ಗುಳ್ಳೆಗಳನ್ನು ನಿಲ್ಲಿಸಿಬಿಡುವುದರಿಂದ ಅದು ಕಾರ್ಬೊನೇಟೇ ಅಲ್ಲವೆಂದು ಮಕ್ಕಳು ತಪ್ಪು ತಿಳಿಯುತ್ತಾರೆ. ಸೀಸ ಕರಗಿದ ದ್ರಾವಣವನ್ನು ತೊಟ್ಟಿಗೆ ಸುರಿಯದೆ ಮುಚ್ಚಳವಿರುವ ಬಾಟಲಿಯಲ್ಲಿ ಪ್ರತ್ಯೇಕವಾಗಿ ಸಂಗ್ರಹಿಸಬೇಕು, ಮಾದರಿ ಮುಟ್ಟಿದವರೆಲ್ಲ ಸಾಬೂನಿನಿಂದ ಕೈ ತೊಳೆಯಬೇಕು. ಕೈಪಿಡಿಯಲ್ಲಿ ಈ ಎಚ್ಚರಿಕೆ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿದೆ. ಅದು ಮೊದಲ ಪುಟದಲ್ಲೇ ಇರಬೇಕಾದ ಮಾತು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಈ ಖನಿಜದ ನಿಜವಾದ ಸ್ವಾರಸ್ಯ ಇರುವುದೂ ಅಲ್ಲಿಯೇ. ನಾಲ್ಕು ಸೀಸ, ಒಂದು ಸಲ್ಫೇಟ್, ಎರಡು ಕಾರ್ಬೊನೇಟ್, ಎರಡು ಹೈಡ್ರಾಕ್ಸಿಲ್ ಎಂಬ ಇದೇ ಸಂಯೋಜನೆಯನ್ನು ಪ್ರಕೃತಿ ಮೂರು ಬಗೆಯಾಗಿ ಜೋಡಿಸುತ್ತದೆ. ಮಾನೊಕ್ಲಿನಿಕ್ ವ್ಯವಸ್ಥೆಯದು ಲೆಡ್‌ಹಿಲೈಟ್, ಟ್ರೈಗೊನಲ್ ವ್ಯವಸ್ಥೆಯದು ಸುಸಾನೈಟ್, ಆರ್ಥೊರಾಂಬಿಕ್ ವ್ಯವಸ್ಥೆಯದು ಮ್ಯಾಕ್‌ಫರ್ಸನೈಟ್. ಮೂರೂ ದೊರೆತಿರುವ ಸ್ಥಳ ಸ್ಕಾಟ್ಲೆಂಡಿನ ಲೆಡ್‌ಹಿಲ್ಸ್. ಲೆಡ್‌ಹಿಲೈಟ್‌ಗೆ ಆ ಊರಿನ ಹೆಸರನ್ನು 1832ರಲ್ಲಿ ಫ್ರಾನ್ಸಿನ ಖನಿಜ ವಿಜ್ಞಾನಿ ಬ್ಯೂಡಾಂ ಇಟ್ಟರು. ಸುಸಾನೈಟ್‌ಗೆ ಅಲ್ಲಿನ ಸುಸಾನಾ ಗಣಿಯ ಹೆಸರು ಬಂತು. ಮ್ಯಾಕ್‌ಫರ್ಸನೈಟ್ ವಿವರಣೆಗೊಂಡದ್ದು ಬಹಳ ತಡವಾಗಿ, 1984ರಲ್ಲಿ, ಅದರ ಹೆಸರು ಎಡಿನ್‌ಬರೋದ ರಾಯಲ್ ಸ್ಕಾಟಿಷ್ ಮ್ಯೂಸಿಯಂನ ಹ್ಯಾರಿ ಮ್ಯಾಕ್‌ಫರ್ಸನ್ ಅವರದು. ಸೀಸಕ್ಕೆ ಪ್ರಸಿದ್ಧವಾದ ಆ ಗುಡ್ಡಗಾಡಿನ ಹೊಳೆಮರಳಿನಲ್ಲಿ 16ನೇ ಶತಮಾನದಲ್ಲಿ ಚಿನ್ನವನ್ನೂ ತೊಳೆದು ತೆಗೆಯುತ್ತಿದ್ದರು ಎಂದು ಹೇಳಿದಾಗ ಕೆಜಿಎಫ್ ಕಡೆಯ ಮಕ್ಕಳ ಕಿವಿ ನೆಟ್ಟಗಾಯಿತು.

ಆರು ಬದಿಯ ಅಂಚು ನೋಡಿ ಲೆಡ್‌ಹಿಲೈಟ್ ಷಡ್ಭುಜ ವ್ಯವಸ್ಥೆಯದೆಂದು ಭಾವಿಸುವುದು ಸಹಜ, ಆದರೆ ಅದು ತೋರಿಕೆ ಮಾತ್ರ. ಅದರ ಮಾನೊಕ್ಲಿನಿಕ್ ರಚನೆ ಷಡ್ಭುಜಕ್ಕೆ ತೀರ ಹತ್ತಿರ ಬಂದಿರುವುದರಿಂದ ಮತ್ತು ಹರಳುಗಳು ಜೋಡಿಯಾಗಿ ಬೆಳೆಯುವುದರಿಂದ ಹಾಗೆ ಕಾಣುತ್ತದೆ. ಕಣ್ಣಿಗೆ ಸುಸಾನೈಟ್‌ನಿಂದ ಇದನ್ನು ಬೇರ್ಪಡಿಸಲು ಆಗುವುದಿಲ್ಲ. ಧ್ರುವೀಕರಣ ಸೂಕ್ಷ್ಮದರ್ಶಕವಿದ್ದರೆ ಆಗುತ್ತದೆ. ಸೀಳಿದ ಹಾಳೆಯನ್ನು ಅಡ್ಡ ಧ್ರುವಕಗಳ ನಡುವೆ, ಒಮ್ಮುಖವಾಗುವ ಬೆಳಕಿನಲ್ಲಿಟ್ಟರೆ ಸುಸಾನೈಟ್ ಒಂದೇ ದೃಕ್ ಅಕ್ಷದ (ಬೆಳಕು ಎರಡಾಗಿ ಒಡೆಯದೆ ಸಾಗುವ ದಿಕ್ಕು) ಖನಿಜವಾದ್ದರಿಂದ ಅದರಲ್ಲಿ ಕಾಣುವ ಕಪ್ಪು ಶಿಲುಬೆ ವೇದಿಕೆಯನ್ನು ತಿರುಗಿಸಿದರೂ ಹಾಗೆಯೇ ನಿಲ್ಲುತ್ತದೆ. ಲೆಡ್‌ಹಿಲೈಟ್ ಎರಡು ಅಕ್ಷಗಳದು. ಅಕ್ಷಗಳ ನಡುವಿನ ಕೋನ ಕೇವಲ 10 ಡಿಗ್ರಿಯಷ್ಟು. ಹಾಗಾಗಿ ತಿರುಗಿಸಿದಾಗ ಶಿಲುಬೆ ನಡುವಿನಲ್ಲಿ ಸ್ವಲ್ಪವೇ ಬಿಚ್ಚಿಕೊಂಡು ಎರಡು ಬಾಗಿದ ಗೆರೆಗಳಾಗುತ್ತದೆ. ಮ್ಯಾಕ್‌ಫರ್ಸನೈಟ್‌ನಲ್ಲಿ ಈ ಕೋನ ಸುಮಾರು 35 ಡಿಗ್ರಿ ಇರುವುದರಿಂದ ಗೆರೆಗಳು ಎಷ್ಟೋ ದೂರ ಸರಿಯುತ್ತವೆ. ನಮ್ಮ ಹಾಳೆಯಲ್ಲಿ ಶಿಲುಬೆ ಬಿಚ್ಚಿಕೊಂಡದ್ದು ಸ್ವಲ್ಪವೇ, ಆದರೆ ನಿಸ್ಸಂದೇಹವಾಗಿ ಬಿಚ್ಚಿಕೊಂಡಿತು. ಲೆಡ್‌ಹಿಲೈಟ್ ಅನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡಿದರೆ ಅದು ಸುಸಾನೈಟ್ ರೂಪಕ್ಕೆ ತಿರುಗಿ, ತಣಿದಾಗ ಮರಳಿ ಹಳೆಯ ರೂಪಕ್ಕೆ ಬರುತ್ತದೆ. ಒಂದೇ ವಸ್ತುವಿನ ಎರಡು ರೂಪಗಳ ನಡುವಣ ಗೆರೆ ಎಷ್ಟು ತೆಳುವಾದದ್ದೆಂದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತೋರಿಸಲು ಇಂಥ ಮಾದರಿ ಬೇರೆ ಸಿಗುವುದು ಕಷ್ಟ.

ಇಷ್ಟು ಒಳ್ಳೆಯ ಮಾದರಿಗೆ ಬರೆದ ಚೀಟಿ ಮಾತ್ರ ಅದಕ್ಕೆ ತಕ್ಕುದಾಗಿಲ್ಲ. ‘ಸೀಸದ ಕಾರ್ಬೊನೇಟ್, ಷಡ್ಭುಜ ವ್ಯವಸ್ಥೆ, ಸೀಸದ ಅದಿರು’ ಎಂದಷ್ಟೇ ಅಚ್ಚಾಗಿದೆ. ಸಲ್ಫೇಟ್‌ನ ಮಾತೇ ಇಲ್ಲ. ವ್ಯವಸ್ಥೆಯ ಹೆಸರು ತಪ್ಪು. ಅದಿರು ಎಂಬುದೂ ಒಪ್ಪುವ ಮಾತಲ್ಲ, ಏಕೆಂದರೆ ಸೆರುಸೈಟ್‌ನಿಂದ ಸೀಸ ತೆಗೆದದ್ದುಂಟು, ಆದರೆ ಲೆಡ್‌ಹಿಲೈಟ್ ಸಂಗ್ರಾಹಕರ ಮತ್ತು ಪ್ರಯೋಗಾಲಯಗಳ ಖನಿಜವೇ ಹೊರತು ಕುಲುಮೆಯದಲ್ಲ. ವರ್ಗೀಕರಣದ ಸಂಖ್ಯೆಯನ್ನಂತೂ ನಾಲ್ಕೂ ಚೀಟಿಗಳಲ್ಲಿ ಒಂದೇ ರೀತಿ ‘ಸ್ಟ್ರುಂಜ್ 5’ ಎಂದು ಕೊಟ್ಟುಬಿಟ್ಟಿದ್ದಾರೆ. ಖನಿಜಗಳನ್ನು ರಾಸಾಯನಿಕ ಸಂಯೋಜನೆ ಮತ್ತು ರಚನೆಯ ಮೇಲೆ ವಿಂಗಡಿಸುವ ಸ್ಟ್ರುಂಜ್ ಪದ್ಧತಿಯಲ್ಲಿ ಐದನೆಯ ವರ್ಗ ಕಾರ್ಬೊನೇಟ್‌ಗಳದೆಂಬುದು ನಿಜ, ಆದರೆ ಒಳಗಿನ ವಿಭಾಗವೇ ಇಲ್ಲಿ ಕಲಿಯಬೇಕಾದ ಸಂಗತಿ. ಸೆರುಸೈಟ್ ಬೇರೆ ಋಣ ಅಯಾನುಗಳಿಲ್ಲದ, ನೀರಿಲ್ಲದ ಸರಳ ಕಾರ್ಬೊನೇಟ್ ಆದ್ದರಿಂದ 5.ಎಬಿ.15. ಫಾಸ್ಜೆನೈಟ್‌ನಲ್ಲಿ ಕ್ಲೋರಿನ್, ಹೈಡ್ರೊಸೆರುಸೈಟ್‌ನಲ್ಲಿ ಹೈಡ್ರಾಕ್ಸಿಲ್ ಸೇರಿರುವುದರಿಂದ ಅವೆರಡೂ 5.ಬಿಇ ಎಂಬ ವಿಭಾಗದಲ್ಲಿ ನೆರೆಹೊರೆಯಾಗಿವೆ. ಲೆಡ್‌ಹಿಲೈಟ್, ಸುಸಾನೈಟ್, ಮ್ಯಾಕ್‌ಫರ್ಸನೈಟ್ ಮೂರೂ ಒಟ್ಟಿಗೆ 5.ಬಿಎಫ್.40ರಲ್ಲಿ ಬರುತ್ತವೆ, ಕಾರ್ಬೊನೇಟ್ ಜೊತೆಗೆ ಸಲ್ಫೇಟ್‌ನಂಥ ಇನ್ನೊಂದು ದೊಡ್ಡ ಗುಂಪೂ ಇರುವ ಖನಿಜಗಳಿಗೆ ಅದು ಮೀಸಲು. ಡೇನಾ ಎಂಬ ಇನ್ನೊಂದು ವರ್ಗೀಕರಣ ಪದ್ಧತಿ ಇದೇ ವಿಚಾರವನ್ನು ಇನ್ನೂ ನೇರವಾಗಿ ಹೇಳುತ್ತದೆ: ಸೆರುಸೈಟ್‌ಗೆ 14ನೇ ವರ್ಗ, ಲೆಡ್‌ಹಿಲೈಟ್‌ಗೆ ಸಂಯುಕ್ತ ಕಾರ್ಬೊನೇಟ್‌ಗಳ 17ನೇ ವರ್ಗ. ಒಂದು ಸಲ್ಫೇಟ್‌ಗೆ ಎರಡು ಕಾರ್ಬೊನೇಟ್ ಇರುವುದರಿಂದ ಇದನ್ನು ಸಲ್ಫೇಟ್‌ಗಳ ಸಾಲಿಗೆ ಕಳುಹಿಸದೆ ಕಾರ್ಬೊನೇಟ್‌ಗಳಲ್ಲೇ ಇಟ್ಟಿದ್ದಾರೆ. ಗೆಲೀನಾ, ಆಂಗ್ಲಿಸೈಟ್, ಸೆರುಸೈಟ್ ಎಂಬ ಬದಲಾವಣೆಯ ದಾರಿಯಲ್ಲಿ ಲೆಡ್‌ಹಿಲೈಟ್ ಎಲ್ಲಿ ನಿಂತಿದೆಯೋ ವರ್ಗೀಕರಣದ ಪಟ್ಟಿಯಲ್ಲೂ ಅದು ಅಲ್ಲಿಯೇ, ಎರಡರ ನಡುವೆ ನಿಂತಿದೆ. ಚೀಟಿ ಸರಿಯಾಗಿದ್ದಿದ್ದರೆ ವಿದ್ಯಾರ್ಥಿಗೆ ಈ ಸಂಬಂಧ ಒಂದೇ ನೋಟದಲ್ಲಿ ಹೊಳೆಯುತ್ತಿತ್ತು.

ವ್ಯಾಪಾರಿಗೆ ಫೋನ್ ಮಾಡಿ ಇದನ್ನೆಲ್ಲ ತಿಳಿಸಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, “ಹಳೇ ಕ್ಯಾಟಲಾಗ್‌ನಲ್ಲಿ ಇದ್ದದ್ದನ್ನೇ ಅಚ್ಚು ಹಾಕಿಸಿಬಿಟ್ಟಿದ್ವಿ ಮೇಡಂ, ನೀವು ಬರೆದು ಕಳಿಸಿ, ಮುಂದಿನ ಸಲ ತಿದ್ದಿಸ್ತೀವಿ” ಎಂದರು. ಬರೆದು ಕಳುಹಿಸಿದ್ದೇನೆ. ಹೈಡ್ರೊಸೆರುಸೈಟ್ ಬದಲಿಗೆ ಬೇರೆ ಮಾದರಿ ಕೊಡಲು ಒಪ್ಪಿದರು. ನಾನು ಆಂಗ್ಲಿಸೈಟ್ ಕೇಳಿದ್ದೇನೆ, ಏಕೆಂದರೆ ಅದು ಕಾರ್ಬೊನೇಟ್ ಅಲ್ಲದಿದ್ದರೂ ಲೆಡ್‌ಹಿಲೈಟ್ ಪಕ್ಕದಲ್ಲಿ ಇಡಬೇಕಾದ ಖನಿಜ. ಈ ಪೆಟ್ಟಿಗೆಯಲ್ಲಿ ಅದಿಲ್ಲದಿರುವುದೇ ನನಗೆ ಕಂಡ ದೊಡ್ಡ ಕೊರತೆ.

ಧ್ರುವೀಕರಣ ಸೂಕ್ಷ್ಮದರ್ಶಕವೂ ಅದನ್ನು ಬಳಸಿ ಕಲಿಸುವವರೂ ಇರುವ ಕಾಲೇಜುಗಳು ಈ ಪೆಟ್ಟಿಗೆಯನ್ನು ಖಂಡಿತ ತರಿಸಿಕೊಳ್ಳಬೇಕು. ಲೆಡ್‌ಹಿಲೈಟ್ ಮತ್ತು ಅದರ ಬಿಡಿ ತುಂಡಿಗಾಗಿಯೇ ಆ ಬೆಲೆ ಕೊಡಬಹುದು. ಪಿಯುಸಿ ಮಟ್ಟಕ್ಕೆ ಇದು ಬೇಕಿಲ್ಲ. ಅಲ್ಲಿಗೆ ಸೆರುಸೈಟ್ ಒಂದಿದ್ದರೆ ಸಾಕು, ಅದನ್ನು ಬಿಡಿಯಾಗಿಯೂ ಕೊಡುತ್ತಾರೆ. ಆರ್ಡರ್ ಮಾಡುವಾಗ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳ್ಳೆಯದು: ಪ್ರತಿ ಮಾದರಿಯ ಗಣಿಯ ಹೆಸರು, ಲೆಡ್‌ಹಿಲೈಟ್‌ನ ಬಿಡಿ ತುಂಡು ಜೊತೆಗಿರುತ್ತದೆಂಬ ಖಾತ್ರಿ, ಹೈಡ್ರೊಸೆರುಸೈಟ್ ಬದಲು ಆಂಗ್ಲಿಸೈಟ್ ಕಳುಹಿಸುವ ಒಪ್ಪಿಗೆ. ಕೊರಿಯರ್ ಖರ್ಚು ಬೆಲೆಯಲ್ಲೇ ಸೇರಿದೆ. ಪಾರ್ಸೆಲ್ ಬಂದ ಮೇಲೆ ಡಬ್ಬಿಗಳನ್ನು ಬಿಳಿ ಕಾಗದದ ಮೇಲೆ ತೆರೆಯಬೇಕು, ಸೀಳಿನಿಂದ ಉದುರಿದ ತೆಳು ಹಾಳೆಗಳು ಒಂದೆರಡಾದರೂ ಇದ್ದೇ ಇರುತ್ತವೆ. ಸೂಕ್ಷ್ಮದರ್ಶಕಕ್ಕೆ ಬೇಕಾಗುವುದು ಅಂಥ ಹಾಳೆಗಳೇ.